ಗೋಲಿನ ಲೆಕ್ಕಕ್ಕಿಂತ ಮೊದಲು ಜಾಗದ ಲೆಕ್ಕ

ಮಾನ್ಯ ಸಂಪಾದಕರೇ,

ಕನ್ನಡ ಪತ್ರಿಕೆಗಳ ಕ್ರೀಡಾಪುಟದಲ್ಲಿ ಸ್ವೀಡನ್ನಿನ ಫುಟ್‌ಬಾಲ್ ಎಂದರೆ ಜ್ಲಾಟನ್ ಇಬ್ರಾಹಿಮೊವಿಚ್ ಒಬ್ಬರದೇ ಹೆಸರು. ದೇಶಕ್ಕಾಗಿ 122 ಪಂದ್ಯ, 62 ಗೋಲು. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಈ ಊರಿನ ಮೈದಾನಗಳಲ್ಲಿ ಹುಡುಗರಿಗೆ ಆಟ ಹೇಳಿಕೊಡುವವರಿಗೆ ಆ ಮಹಾಶಯರಿಂದ ಸಿಗುವುದು ಕಡಿಮೆ. ಆರಡಿ ಐದಿಂಚಿನ ಎತ್ತರವನ್ನು ಯಾವ ಕೋಚ್ ಕೂಡ ಕಲಿಸಲಾರ. ಕಲಿಸಲು ಬರುವಂಥ ಆಟ ಇದ್ದದ್ದು ಅವರಿಗಿಂತ ಹತ್ತು ವರ್ಷ ಹಿರಿಯರಾದ, ಸ್ವೀಡನ್ನಿನವರೇ ಆದ ಸ್ಟ್ರೈಕರ್ ಹೆನ್ರಿಕ್ ಲಾರ್ಸನ್ ಅವರಲ್ಲಿ. ಅವರ ಎತ್ತರ 178 ಸೆಂಟಿಮೀಟರ್. ಬಿಎಂಟಿಸಿ ಬಸ್ಸಿನಲ್ಲಿ ಪಕ್ಕದಲ್ಲೇ ನಿಂತರೂ ಯಾರೂ ತಿರುಗಿ ನೋಡದ ಎತ್ತರ. ಅಷ್ಟೇ ಎತ್ತರದವರು ಯುರೋಪಿನ ಫೈನಲ್ ಒಂದರಲ್ಲಿ ತಲೆಯಿಂದಲೇ ಎರಡು ಗೋಲು ಹೊಡೆದರು.

ಲಾರ್ಸನ್ ಹೆಸರು ಬಂದಾಗಲೆಲ್ಲ ಪತ್ರಿಕೆಗಳು ಒಂದು ಅಂಕಿ ಕೊಟ್ಟು ಸುಮ್ಮನಾಗುತ್ತವೆ: ಸ್ಕಾಟ್ಲೆಂಡಿನ ಸೆಲ್ಟಿಕ್ ಕ್ಲಬ್ ಪರ 242 ಗೋಲು. (ಕ್ಲಬ್ಬಿನ ಹೆಸರು ‘ಸೆಲ್ಟಿಕ್’. ‘ಕೆಲ್ಟಿಕ್’ ಎಂದು ಅಚ್ಚಾಗುವುದನ್ನು ದಯವಿಟ್ಟು ನಿಲ್ಲಿಸಿ.) ಆ ಅಂಕಿಯ ಪಕ್ಕದಲ್ಲಿ ಇನ್ನೊಂದನ್ನೂ ಇಟ್ಟರೆ ಮಾತ್ರ ಅರ್ಥ ಹುಟ್ಟುತ್ತದೆ. 1993ರಿಂದ 1997ರವರೆಗೆ ಹಾಲೆಂಡಿನ ಫೇಯನೂರ್ಡ್ ತಂಡದಲ್ಲಿ ಲಾರ್ಸನ್ ಆಡಿದ ಲೀಗ್ ಪಂದ್ಯಗಳು 101, ಗೋಲು 26. ಮುಂದೆ ಸೆಲ್ಟಿಕ್‌ನಲ್ಲಿ ಲೀಗ್ ಪಂದ್ಯಗಳು 221, ಗೋಲು 174. ನಾಲ್ಕು ಪಂದ್ಯಕ್ಕೆ ಒಂದು ಹೊಡೆಯುತ್ತಿದ್ದವರು ಐದು ಪಂದ್ಯಕ್ಕೆ ನಾಲ್ಕರಂತೆ ಹೊಡೆಯತೊಡಗಿದರು. ಸ್ಕಾಟ್ಲೆಂಡ್ ಲೀಗ್ ಹಾಲೆಂಡಿನದಕ್ಕಿಂತ ಸುಲಭ ಎಂದು ಯಾರಾದರೂ ಹೇಳಬಹುದು. ಎಷ್ಟೇ ಸುಲಭವಾದರೂ ಮೂರು ಪಟ್ಟು ಸುಲಭವಲ್ಲ. ಬದಲಾದದ್ದು ನಿಲ್ಲುವ ಜಾಗ. ಫೇಯನೂರ್ಡ್ ಅವರನ್ನು ಅಂಚಿನಲ್ಲಿ, ಕೆಲವೊಮ್ಮೆ ಮಿಡ್‌ಫೀಲ್ಡ್‌ನಲ್ಲಿ ಆಡಿಸಿತು, ಮತ್ತೆ ಮತ್ತೆ ಅರ್ಧಕ್ಕೆ ಹೊರಗೆ ಕರೆಯಿತು. ಸೆಲ್ಟಿಕ್ ನಡುವೆ ನಿಲ್ಲಿಸಿ ಪೂರ್ತಿ ತೊಂಬತ್ತು ನಿಮಿಷ ಬಿಟ್ಟಿತು.

ಬೆಂಗಳೂರಿನ ಆಯ್ಕೆ ಶಿಬಿರಗಳಲ್ಲಿ ಇದೇ ತಪ್ಪು ಪ್ರತಿ ವರ್ಷ ನಡೆಯುತ್ತದೆ. ನೂರಾರು ಹುಡುಗರು ಬಂದಿರುತ್ತಾರೆ. ಒಬ್ಬೊಬ್ಬರಿಗೆ ಹತ್ತು ಹದಿನೈದು ನಿಮಿಷ. ಅಷ್ಟರಲ್ಲಿ ಕಣ್ಣಿಗೆ ಬೀಳುವುದು ಚೆಂಡನ್ನು ಕಾಲಲ್ಲಿ ಇಟ್ಟುಕೊಂಡು ಮೂವರನ್ನು ದಾಟುವ ಹುಡುಗ. ಚೆಂಡಿಲ್ಲದೆ ಓಡಿ ಸರಿಯಾದ ಕಡೆ ತಲುಪುವ ಹುಡುಗನ ಚೀಟಿಯಲ್ಲಿ ‘ಚುರುಕಿಲ್ಲ’ ಎಂದು ಬರೆದು ಕಳಿಸುತ್ತಾರೆ. ಓಟ ಚೆನ್ನಾಗಿದ್ದರಂತೂ ಮುಗಿಯಿತು, ವಿಂಗ್‌ಗೆ, ಅಂದರೆ ಅಂಚಿಗೆ, ತಳ್ಳುತ್ತಾರೆ. ಫೇಯನೂರ್ಡ್‌ನ ಆ ನಾಲ್ಕು ವರ್ಷಗಳು ನಮ್ಮ ಆಯ್ಕೆದಾರರಿಗೆ ಪಾಠವಾಗಬೇಕು.

ವಯಸ್ಸಿನ ಮಾತೂ ಹಾಗೆಯೇ. ಲಾರ್ಸನ್ ಹುಟ್ಟಿದ್ದು 1971ರ ಸೆಪ್ಟೆಂಬರ್ 20ರಂದು, ಡೆನ್ಮಾರ್ಕಿಗೆ ಎದುರಾಗಿರುವ ಹೆಲ್ಸಿಂಗ್‌ಬೋರ್ಗ್ ಎಂಬ ಬಂದರು ಪಟ್ಟಣದಲ್ಲಿ. ತಂದೆ ಕೇಪ್ ವರ್ಡೆ ದ್ವೀಪದವರು, ತಾಯಿ ಸ್ವೀಡನ್ನಿನವರು. ಇಪ್ಪತ್ತರ ವಯಸ್ಸಿನವರೆಗೂ ಹೋಗಾಬೋರ್ಗ್ ಎಂಬ ಸ್ಥಳೀಯ ಕ್ಲಬ್ಬಿನಲ್ಲಿ ಕೆಳದರ್ಜೆಯ ಆಟ, ಹೊಟ್ಟೆಪಾಡಿಗೆ ಹಣ್ಣು ಪ್ಯಾಕ್ ಮಾಡುವ ಕೆಲಸ. 1992ರಲ್ಲಿ ಊರಿನ ದೊಡ್ಡ ಕ್ಲಬ್ ಹೆಲ್ಸಿಂಗ್‌ಬೋರ್ಗ್‌ಗೆ ಬಂದ ಮೊದಲ ಋತುವಿನಲ್ಲೇ 34 ಗೋಲು. 24 ವರ್ಷಗಳ ಬಳಿಕ ತಂಡ ಮೇಲಿನ ದರ್ಜೆಗೆ ಏರಿತು. 1994ರ ವಿಶ್ವಕಪ್ಪಿನ ಹೊತ್ತಿಗೆ ಅವರಿಗೆ 22. ಕ್ವಾರ್ಟರ್ ಫೈನಲ್‌ನಲ್ಲಿ ರೊಮೇನಿಯಾ ವಿರುದ್ಧ ಪೆನಾಲ್ಟಿ ಶೂಟೌಟಿನಲ್ಲಿ ಸ್ವೀಡನ್ನಿನ ಕೊನೆಯ ಒದೆ ಅವರದು, ಅದು ಗೋಲಾಯಿತು. ಮರುಕ್ಷಣ ಗೋಲ್‌ಕೀಪರ್ ಥಾಮಸ್ ರಾವೆಲ್ಲಿ ಎದುರಾಳಿಯ ಒದೆತ ತಡೆದರು. ಮೂರನೇ ಸ್ಥಾನದ ಪಂದ್ಯದಲ್ಲಿ ಬಲ್ಗೇರಿಯಾವನ್ನು 4-0ಯಿಂದ ಸೋಲಿಸಿದಾಗಲೂ ಅವರದೊಂದು ಗೋಲು. ಹದಿನಾಲ್ಕಕ್ಕೇ ಹುಡುಗನ ಹಣೆಬರಹ ಬರೆದುಬಿಡುವ ನಮ್ಮ ಅಕಾಡೆಮಿಗಳಲ್ಲಿ ಇಂಥವರು ಉಳಿಯುತ್ತಿದ್ದರೇ?

1997ರ ಬೇಸಿಗೆಯಲ್ಲಿ ಸೆಲ್ಟಿಕ್ ಕೊಟ್ಟದ್ದು 6,50,000 ಪೌಂಡ್. ಒಪ್ಪಂದದಲ್ಲಿದ್ದ ಬಿಡುಗಡೆ ಷರತ್ತಿನ ಬಗ್ಗೆ ಫೇಯನೂರ್ಡ್ ಜಗಳ ತೆಗೆಯಿತು, ದಕ್ಕಲಿಲ್ಲ. 242ರಿಂದ ಭಾಗಿಸಿ ನೋಡಿ, ಒಂದು ಗೋಲಿಗೆ 2,700 ಪೌಂಡ್ ಕೂಡ ಬೀಳುವುದಿಲ್ಲ. ಕರೆತಂದವರು ಸೆಲ್ಟಿಕ್‌ನ ಆಗಿನ ಕೋಚ್ ವಿಮ್ ಯಾನ್ಸನ್. ಮೊದಲು ಫೇಯನೂರ್ಡ್‌ಗೆ ಕರೆದುಕೊಂಡು ಹೋಗಿದ್ದವರೂ ಅವರೇ. ಎಡಿನ್‌ಬರೋದಲ್ಲಿ ಹಿಬರ್ನಿಯನ್ ವಿರುದ್ಧ ಬದಲಿ ಆಟಗಾರನಾಗಿ ಇಳಿದ ಮೊದಲ ಲೀಗ್ ಪಂದ್ಯದಲ್ಲಿ ಲಾರ್ಸನ್ ತಪ್ಪಾಗಿ ಕೊಟ್ಟ ಪಾಸ್ ನೇರ ಎದುರಾಳಿ ಚಿಕ್ ಚಾರ್ನ್ಲಿ ಕಾಲಿಗೆ ಹೋಯಿತು. ಅವರು ಗೋಲು ಹೊಡೆದರು, ಸೆಲ್ಟಿಕ್ 1-2ರಿಂದ ಸೋತಿತು. ಯಾನ್ಸನ್ ಜಾಗ ಬದಲಿಸಲಿಲ್ಲ. 1998ರ ಮೇ 9ರಂದು, ಋತುವಿನ ಕೊನೆಯ ದಿನ, ಸೇಂಟ್ ಜಾನ್‌ಸ್ಟನ್ ವಿರುದ್ಧ ಆರಂಭದಲ್ಲೇ ಗೋಲು ಹೊಡೆದು ದಾರಿ ತೆರೆದವರು ಲಾರ್ಸನ್. ಸತತ ಹತ್ತನೇ ಬಾರಿ ಲೀಗ್ ಗೆಲ್ಲಬೇಕೆಂದಿದ್ದ ಬದ್ಧ ಎದುರಾಳಿ ರೇಂಜರ್ಸ್ ಒಂಬತ್ತಕ್ಕೇ ನಿಂತಿತು, ಲೀಗ್ ಸೆಲ್ಟಿಕ್ ಪಾಲಾಯಿತು.

ಈಗ ಆಟದ ಒಳಗಿನ ಮಾತು. ಚೆಂಡು ತಮ್ಮ ಬಳಿ ಬರುವ ಮುಂಚೆ ಲಾರ್ಸನ್ ಏನು ಮಾಡುತ್ತಿದ್ದರು ಎನ್ನುವುದೇ ಇದರ ಸಾರ. ಬಲ ಅಂಚಿನಿಂದ ಕ್ರಾಸ್ (ಗೋಲಿನ ಮುಂದಕ್ಕೆ ಹಾಕುವ ಚೆಂಡು) ಬರಲಿದೆ ಎಂದುಕೊಳ್ಳಿ. ಡಿಫೆಂಡರ್ ಚೆಂಡನ್ನೂ ನೋಡಬೇಕು, ಸ್ಟ್ರೈಕರನ್ನೂ ನೋಡಬೇಕು. ಇರುವುದು ಒಂದೇ ಜೊತೆ ಕಣ್ಣು. ಲಾರ್ಸನ್ ನಿಲ್ಲುತ್ತಿದ್ದದ್ದು ಆತನ ಭುಜದ ಹಿಂದೆ, ಚೆಂಡನ್ನು ನೋಡಿದರೆ ತಾನು ಕಾಣದಂತೆ, ತನ್ನನ್ನು ನೋಡಿದರೆ ಚೆಂಡು ಕಾಣದಂತೆ. ಕ್ರಾಸ್ ಹೊಡೆಯುವವನು ತಲೆ ಎತ್ತಿದ ಕ್ಷಣ ಹತ್ತಿರದ ಕಂಬದತ್ತ ಎರಡು ಹೆಜ್ಜೆ ಹಾಕುವುದು. ಡಿಫೆಂಡರ್ ಜೊತೆಗೆ ಬರಲೇಬೇಕು. ಬಂದನೆಂದರೆ ಕಾಲೂರಿ, ಬಿಲ್ಲಿನ ಹಾಗೆ ಬಾಗಿದ ದಾರಿಯಲ್ಲಿ ದೂರದ ಕಂಬಕ್ಕೆ. ಕೊನೆಯ ಮೂರು ಹೆಜ್ಜೆ ಚಿಕ್ಕವು, ಬಿರುಸಿನವು. ಓಡಿಬಂದು ಒಂಟಿಕಾಲಲ್ಲಿ ನೆಗೆದರೆ ನಿಂತಲ್ಲಿಂದ ಎರಡು ಕಾಲಲ್ಲಿ ಹಾರುವವನಿಗಿಂತ ಎತ್ತರ ಸಿಗುತ್ತದೆ. ಆರಡಿ ಮೂರಿಂಚಿನ ಡಿಫೆಂಡರ್ ಎದುರು 178 ಸೆಂಟಿಮೀಟರ್ ಸಾಲುತ್ತಿದ್ದದ್ದು ಹೀಗೆ. ಜೊತೆಗಾರ ಕ್ರಿಸ್ ಸಟನ್ ಎತ್ತರದ, ದಿಮ್ಮಿಯಂಥ ಆಳು. ಎದುರಾಳಿಯ ದೊಡ್ಡ ಡಿಫೆಂಡರ್ ಅವರಿಗೇ ಅಂಟಿಕೊಳ್ಳುತ್ತಿದ್ದ. ಲಾರ್ಸನ್‌ಗೆ ಎರಡನೆಯವನು ಸಿಗುತ್ತಿದ್ದ. ಇದನ್ನು ಅದೃಷ್ಟ ಎನ್ನುವವರು ಎನ್ನಲಿ, ನಾವು ಕೋಚ್ ಮಾರ್ಟಿನ್ ಓನೀಲ್ ಅವರ ಲೆಕ್ಕಾಚಾರ ಎನ್ನುತ್ತೇವೆ.

ನಮ್ಮ ಹುಡುಗರಲ್ಲಿ ಇದು ಕೆಡುವುದು ಒಂದೇ ಕಾರಣಕ್ಕೆ: ಬೇಗ ಹೊರಡುತ್ತಾರೆ. ಚೆಂಡು ಕಾಲು ಬಿಡುವ ಮುಂಚೆಯೇ ಗೋಲಿನ ಮುಂದೆ ಹೋಗಿ ನಿಂತು ಆಕಾಶ ನೋಡುತ್ತಾರೆ. ಆಮೇಲೆ ನಿಂತಲ್ಲಿಂದಲೇ ಹಾರಬೇಕು, ಚೆಂಡು ಹಣೆಯ ಬದಲು ನೆತ್ತಿಗೆ ಬಡಿದು ಮೇಲಕ್ಕೆ ಹೋಗುತ್ತದೆ. ಕಣ್ಣು ಮುಚ್ಚುವುದು, ಕುತ್ತಿಗೆ ಸಡಿಲ ಬಿಡುವುದು ಅದರ ಹಿಂದೆಯೇ ಬರುವ ತಪ್ಪುಗಳು. ತಿದ್ದುವ ಸರಳ ದಾರಿ ಹೀಗಿದೆ. 16.5 ಮೀಟರಿನ ಪೆನಾಲ್ಟಿ ಪ್ರದೇಶದ ಗೆರೆಯ ಮೇಲೆ ಹುಡುಗನನ್ನು ನಿಲ್ಲಿಸಿ, ಅಂಚಿನಿಂದ ಒಬ್ಬರು ಚೆಂಡನ್ನು ಕೈಯಿಂದ ಎಸೆಯಲಿ. ಹುಡುಗ ಓಡಿಬಂದು ಹಾರಿ ಅದನ್ನು ತಲೆಯಿಂದ ಹೊಡೆಯಬಾರದು, ಎರಡೂ ಕೈಯಲ್ಲಿ ಹಿಡಿಯಬೇಕು. ಹಿಡಿಯುವ ಜಾಗ ಪೆನಾಲ್ಟಿ ಚುಕ್ಕೆ ಮತ್ತು 5.5 ಮೀಟರ್ ಗೆರೆಯ ನಡುವೆ, ನೆಗೆತದ ತುತ್ತತುದಿಯಲ್ಲಿ. ಬೇಗ ಬಂದರೆ ಕೈಗೆ ಸಿಕ್ಕರೂ ನೆಲದ ಮೇಲೆ ನಿಂತೇ ಸಿಗುತ್ತದೆ, ತಪ್ಪು ಅವನಿಗೇ ಗೊತ್ತಾಗುತ್ತದೆ. ಹತ್ತು ಸಲಕ್ಕೆ ಎಂಟು ಸಲ ಗಾಳಿಯಲ್ಲಿ ಹಿಡಿದ ಮೇಲೆ ಸ್ಪಂಜಿನ ಚೆಂಡಿನಲ್ಲಿ ಹಣೆ ಕೊಡಿಸಿ, ಪೂರ್ತಿ ಗಾಳಿ ತುಂಬಿದ ಚೆಂಡು ಕೊನೆಗೆ.

ಇಷ್ಟು ಜಾಗ್ರತೆ ಏಕೆಂದರೆ, ಲಾರ್ಸನ್ ಆಡಿದ ಸ್ಕಾಟ್ಲೆಂಡಿನಲ್ಲೇ, ಗ್ಲಾಸ್ಗೋ ವಿಶ್ವವಿದ್ಯಾಲಯದ 2019ರ ಅಧ್ಯಯನ ನಿವೃತ್ತ ವೃತ್ತಿಪರ ಆಟಗಾರರು ಮೆದುಳು ಸವೆಯುವ ಕಾಯಿಲೆಗಳಿಂದ ಸಾಯುವ ಸಾಧ್ಯತೆ ಇತರರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚು ಎಂದು ತೋರಿಸಿತು. 2020ರಿಂದ ಅಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ತರಬೇತಿಯಲ್ಲಿ ಹೆಡರ್ (ಚೆಂಡನ್ನು ತಲೆಯಿಂದ ಹೊಡೆಯುವುದು) ಕಲಿಸುವುದಿಲ್ಲ. ಇಂಗ್ಲೆಂಡಿನಲ್ಲಿ 2021ರಿಂದ ವೃತ್ತಿಪರರಿಗೇ ವಾರದ ತರಬೇತಿಯಲ್ಲಿ ಬಿರುಸಿನ ಹೆಡರ್ ಹತ್ತಕ್ಕಿಂತ ಹೆಚ್ಚು ಬೇಡ ಎಂಬ ಸಲಹೆಯಿದೆ. ನಮ್ಮಲ್ಲಿ ಹತ್ತು ವರ್ಷದ ಮಗುವಿಗೆ ಗಟ್ಟಿ ಚೆಂಡಿನಲ್ಲಿ ಸಾಲಾಗಿ ಮೂವತ್ತು ಹೆಡರ್ ಹೊಡೆಸುವವರು ಇನ್ನೂ ಇದ್ದಾರೆ. ಪೋಷಕರು ಬೇಲಿಯಾಚೆ ನಿಂತು ಚಪ್ಪಾಳೆ ತಟ್ಟುತ್ತಾರೆ.

ಇನ್ನು ಮೂಳೆ ಮತ್ತು ಮಂಡಿ. 1999ರ ಅಕ್ಟೋಬರ್ 21ರಂದು ಫ್ರಾನ್ಸಿನ ಲಿಯಾನ್‌ನಲ್ಲಿ ಯುರೋಪಿನ ಕ್ಲಬ್‌ಗಳ ಯುಇಎಫ್‌ಎ ಕಪ್ ಪಂದ್ಯ. ಸೆರ್ಜ್ ಬ್ಲಾಂಕ್ ಜೊತೆಗಿನ ಪೈಪೋಟಿಯಲ್ಲಿ ಲಾರ್ಸನ್ ಕಾಲು ಎರಡು ಕಡೆ ಮುರಿಯಿತು. ಪಾದ ನೆಲಕ್ಕೆ ನೆಟ್ಟುಕೊಂಡು ಮೈಭಾರ ಬೇರೆ ದಿಕ್ಕಿಗೆ ತಿರುಗಿದಾಗ ತಿರುಚುವ ಬಲವೆಲ್ಲ ಮೊಳಕಾಲಿನ ಕೆಳಗಿನ ಮೂಳೆಯ ಮೇಲೆ ಬೀಳುತ್ತದೆ. ಋತು ಮುಗಿಯುವ ಹೊತ್ತಿಗೆ, 2000ದ ಮೇ ತಿಂಗಳಲ್ಲಿ, ಬದಲಿ ಆಟಗಾರನಾಗಿ ಮರಳಿದರು. ಜೂನ್‌ನಲ್ಲಿ ಯುರೋ ಕಪ್ ಆಡಿ ಇಟಲಿ ವಿರುದ್ಧ ಗೋಲನ್ನೂ ಹೊಡೆದರು. 2004ರ ನವೆಂಬರ್‌ನಲ್ಲಿ ಬಾರ್ಸಿಲೋನಾ ಪರ ರಿಯಲ್ ಮ್ಯಾಡ್ರಿಡ್ ವಿರುದ್ಧ ಆಡುವಾಗ ಎಡಮಂಡಿಯ ಅಸ್ಥಿರಜ್ಜು ಹರಿಯಿತು. ಆಗ ವಯಸ್ಸು 33. ಆ ಋತು ಅಲ್ಲಿಗೇ ಮುಗಿಯಿತು: 12 ಲೀಗ್ ಪಂದ್ಯ, 3 ಗೋಲು. ಮುಂದಿನ ಋತು 28 ಪಂದ್ಯ, 10 ಗೋಲು.

ಬೆಂಗಳೂರಿನ ಮಟ್ಟಿಗೆ ಇಲ್ಲಿ ಮುಖ್ಯವಾದದ್ದು ಬೂಟಿನ ಅಡಿ. ನಮ್ಮ ಮೈದಾನಗಳಲ್ಲಿ ಹೆಚ್ಚಿನವು ಬೇಸಿಗೆಯಲ್ಲಿ ಕಲ್ಲಿನಂತಾಗುವ ಕೆಂಪು ಮಣ್ಣು, ಮಳೆಗಾಲದಲ್ಲಿ ಕೆಸರು. ಇತ್ತೀಚೆಗೆ ಬೀದಿಗೊಂದು ಬಾಡಿಗೆ ಟರ್ಫ್ (ಕೃತಕ ಹುಲ್ಲಿನ ಮೈದಾನ). ಮೂರಕ್ಕೂ ಒಂದೇ ಬೂಟು ಹಾಕಿದರೆ ಮಂಡಿ ದಂಡ ತೆರುತ್ತದೆ. ಹುಲ್ಲಿಗೆಂದೇ ಮಾಡಿದ ಉದ್ದನೆಯ, ಅಲಗಿನಾಕಾರದ ಸ್ಟಡ್ (ಬೂಟಿನಡಿಯ ಗುಬಟು) ಟರ್ಫಿನ ನಾರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಪಾದ ಅಲ್ಲೇ, ಮಂಡಿ ಮುಂದೆ. ಟರ್ಫಿಗೂ ಒಣಮಣ್ಣಿಗೂ ಗಿಡ್ಡ ರಬ್ಬರ್ ಗುಬಟುಗಳು ತುಂಬಿದ ಬೂಟು ಸಾಕು. ಅಚ್ಚಿನ ದುಂಡು ಸ್ಟಡ್ ಹುಲ್ಲಿಗೆ, ತಿರುಪು ಹಾಕುವ ಲೋಹದ ಸ್ಟಡ್ ಒದ್ದೆ ಮೆತ್ತನೆಯ ನೆಲಕ್ಕೆ ಮಾತ್ರ. (1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ತಂಡದ ಹಲವರು ಬರಿಗಾಲಲ್ಲೇ ಆಡಿದರು. ಫ್ರಾನ್ಸ್ ವಿರುದ್ಧ ಬಂದ ಒಂದೇ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಆ ಕಾಲ ಬೇರೆ, ಇಂದಿನ ಟ್ಯಾಕಲ್‌ಗಳು ಬೇರೆ.) ಅಸ್ಥಿರಜ್ಜು ಶಸ್ತ್ರಚಿಕಿತ್ಸೆಯಾದವರು ಒಂಬತ್ತು ತಿಂಗಳಿಗೆ ಮುಂಚೆ ಪೈಪೋಟಿಯ ಆಟಕ್ಕೆ ಇಳಿಯಬಾರದು ಎಂಬುದು ಇಂದಿನ ಕ್ರೀಡಾವೈದ್ಯರ ಸಾಮಾನ್ಯ ಸಲಹೆ. ಒಂಟಿಕಾಲಲ್ಲಿ ನೆಗೆದು ಅಳೆಯಿರಿ. ಗಾಯದ ಕಾಲು ಒಳ್ಳೆಯ ಕಾಲಿನ ದೂರದ ಶೇ 90ನ್ನಾದರೂ ಮುಟ್ಟಬೇಕು. ಐದನೇ ತಿಂಗಳಿಗೆ ನೋವು ಹೋಯಿತೆಂದು ಟೂರ್ನಮೆಂಟ್ ಆಡಿ ಮತ್ತೆ ಹರಿದುಕೊಂಡವರು ಎಲ್ಲ ಪೇಟೆಗಳಲ್ಲೂ ಸಿಗುತ್ತಾರೆ.

2000-01ರ ಋತುವಿನ ಬಗ್ಗೆ ಒಂದು ಲೆಕ್ಕ ಹೇಳಲೇಬೇಕು, ಅದು ಬಹಳ ಜನರಿಗೆ ತಪ್ಪಾಗಿ ಗೊತ್ತಿದೆ. ಆ ವರ್ಷ ಲಾರ್ಸನ್ ಲೀಗ್‌ನಲ್ಲಿ 35, ಒಟ್ಟು 53 ಗೋಲು ಹೊಡೆದರು. ಸೆಲ್ಟಿಕ್ ದೇಶದ ಮೂರೂ ಪ್ರಶಸ್ತಿ ಗೆದ್ದಿತು. ಲೀಗ್ ಕಪ್ ಫೈನಲ್‌ನಲ್ಲಿ ಕಿಲ್ಮಾರ್ನಕ್ ವಿರುದ್ಧದ ಮೂರೂ ಗೋಲು ಅವರವು. ಸ್ಕಾಟಿಷ್ ಕಪ್ ಫೈನಲ್‌ನಲ್ಲಿ ಹಿಬರ್ನಿಯನ್ ವಿರುದ್ಧದ ಮೂರರಲ್ಲಿ ಎರಡು. ಯುರೋಪಿನ ಲೀಗ್‌ಗಳ ಅಗ್ರ ಗೋಲುಗಾರನಿಗೆ ಕೊಡುವ ಯುರೋಪಿಯನ್ ಗೋಲ್ಡನ್ ಶೂ ಸಿಕ್ಕಿದಾಗ ‘35 ಗೋಲು ಹೊಡೆದರೆ ಸಿಗದೇ ಇರುತ್ತದೆಯೇ’ ಎಂದವರುಂಟು. ಆದರೆ 1996-97ರಿಂದ ಆ ಪ್ರಶಸ್ತಿಗೆ ಗೋಲು ಎಣಿಸುವುದಿಲ್ಲ, ಅಂಕ ಎಣಿಸುತ್ತಾರೆ. ದೊಡ್ಡ ಲೀಗ್‌ಗಳ ಗೋಲಿಗೆ 2, ಸ್ಕಾಟ್ಲೆಂಡಿನದಕ್ಕೆ 1.5. ಲಾರ್ಸನ್‌ಗೆ 35ರ ಒಂದೂವರೆ ಪಟ್ಟು, 52.5. ಇಟಲಿಯಲ್ಲಿ ಲಾಝಿಯೊ ಪರ 26 ಹೊಡೆದ ಹರ್ನಾನ್ ಕ್ರೆಸ್ಪೊಗೆ 52. ವ್ಯತ್ಯಾಸ ಅರ್ಧ ಅಂಕ. ಲಾರ್ಸನ್ ಒಂದೇ ಒಂದು ಗೋಲು ಕಡಿಮೆ ಹೊಡೆದಿದ್ದರೆ 51ಕ್ಕೆ ಇಳಿದು ಶೂ ಇಟಲಿಗೆ ಹೋಗುತ್ತಿತ್ತು.

ದೊಡ್ಡ ಪಂದ್ಯಗಳಲ್ಲಿ ಅವರಿಗೆ ದಕ್ಕದೇ ಹೋದದ್ದೂ ಇದೆ. 2003ರ ಮೇ 21ರಂದು ಸೆವಿಲ್ಲೆಯ ಯುಇಎಫ್‌ಎ ಕಪ್ ಫೈನಲ್‌ನಲ್ಲಿ ಜೋಸೆ ಮೊರಿನ್ಯೊ ಅವರ ಪೋರ್ಟೊ ಎರಡು ಸಲ ಮುಂದೆ ಹೋಯಿತು. 47 ಮತ್ತು 57ನೇ ನಿಮಿಷದಲ್ಲಿ ಲಾರ್ಸನ್ ತಲೆಯಿಂದ ಎರಡು ಸಲವೂ ಸಮ ಮಾಡಿದರು. ಹೆಚ್ಚುವರಿ ಆಟದಲ್ಲಿ ಬೋಬೊ ಬಾಲ್ಡೆಗೆ ಕೆಂಪು ಕಾರ್ಡ್, 115ನೇ ನಿಮಿಷಕ್ಕೆ ಡೆರ್ಲೇ ಗೋಲು, 2-3. 2006ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಕೊನೆಯ ನಿಮಿಷದಲ್ಲಿ 2-2 ಮಾಡಿದವರೇ ಜರ್ಮನಿ ವಿರುದ್ಧ ಪೆನಾಲ್ಟಿಯನ್ನು ಗೋಲಿನ ಅಡ್ಡಕಂಬದ ಮೇಲಿಂದ ಹೊರಗೆ ಹೊಡೆದರು.

ಅದೇ ವರ್ಷ ಮೇ 17ರಂದು ಪ್ಯಾರಿಸ್‌ನ ಚಾಂಪಿಯನ್ಸ್ ಲೀಗ್ ಫೈನಲ್. ಬಾರ್ಸಿಲೋನಾ ಎದುರು ಹತ್ತು ಜನರ ಆರ್ಸೆನಲ್ ಮುಂದಿತ್ತು. ಬಾರ್ಸಿಲೋನಾ ಕೋಚ್ ಫ್ರಾಂಕ್ ರೈಕಾರ್ಡ್ 61ನೇ ನಿಮಿಷದಲ್ಲಿ ವಾನ್ ಬೊಮೆಲ್ ಬದಲು ಲಾರ್ಸನ್ ಅವರನ್ನು ಇಳಿಸಿದರು. 76ನೇ ನಿಮಿಷದಲ್ಲಿ ಇನಿಯೆಸ್ಟಾ ಪಾಸನ್ನು ಒಂದೇ ಸ್ಪರ್ಶದಲ್ಲಿ ಎಟೊ ದಾರಿಗೆ ಜಾರಿಸಿದರು, 1-1. ನಾಲ್ಕೈದು ನಿಮಿಷದಲ್ಲೇ ಬಲಗಡೆ ಚೆಂಡು ಪಡೆದು, ಹಿಂದಿನಿಂದ ಓಡಿಬಂದ ಬೆಲೆಟ್ಟಿಗೆ ಕೊಟ್ಟರು, 2-1. ಅವರ ಹೆಸರಿನಲ್ಲಿ ಗೋಲಿಲ್ಲ. ಪಂದ್ಯದ ನಂತರ ಆರ್ಸೆನಲ್‌ನ ಥಿಯರಿ ಆನ್ರಿ, ರೊನಾಲ್ಡಿನೊ ಮತ್ತು ಎಟೊ ಬಗ್ಗೆ ಮಾತಾಡುವವರು ಲಾರ್ಸನ್ ಬಗ್ಗೆ ಮಾತಾಡಲಿ ಎಂದರು. ಗೋಲಿನ ಪಟ್ಟಿ ಮಾತ್ರ ಅಚ್ಚು ಹಾಕುವ ನಮ್ಮ ಪತ್ರಿಕೆಗಳಿಗೆ ಈ ರಾತ್ರಿ ಕಾಣಿಸುವುದೇ ಇಲ್ಲ.

ನಮ್ಮೂರಿಗೂ ಇದರ ಒಂದು ಎಳೆ ತಾಗಿದೆ. 2016ರಲ್ಲಿ ಬೆಂಗಳೂರು ಎಫ್‌ಸಿಯನ್ನು ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್‌ಗೆ ಒಯ್ದ ಆಲ್ಬರ್ಟ್ ರೋಕಾ ಮೊದಲು ಬಾರ್ಸಿಲೋನಾದಲ್ಲಿ ರೈಕಾರ್ಡ್ ಅವರ ಸಹಾಯಕ ಬಳಗದಲ್ಲಿದ್ದವರು. 2020ರಲ್ಲಿ ರೊನಾಲ್ಡ್ ಕೂಮನ್ ಬಾರ್ಸಿಲೋನಾ ಕೋಚ್ ಆದಾಗ ಫಿಟ್‌ನೆಸ್ ನೋಡಿಕೊಳ್ಳಲು ರೋಕಾ, ಸಹಾಯಕ ಕೋಚ್ ಆಗಿ ಲಾರ್ಸನ್, ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತರು. ಕಂಠೀರವದಲ್ಲಿ ನಿಂತು ಕೂಗಿದವರಿಗೆ ಇದು ಗೊತ್ತಿರಲಿ.

ಬಾರ್ಸಿಲೋನಾ ಬಿಡುವ ವಿಷಯವನ್ನು ಲಾರ್ಸನ್ 2005ರ ಡಿಸೆಂಬರ್‌ನಲ್ಲೇ ಹೇಳಿದ್ದರು. ಯುರೋಪಿನ ಕಪ್ ಕೈಗೆ ಬಂದ ಮೇಲೂ ಮಾತು ಬದಲಿಸದೆ ಹೆಲ್ಸಿಂಗ್‌ಬೋರ್ಗ್‌ಗೆ ಮರಳಿದರು. ಸ್ವೀಡನ್ನಿನ ಲೀಗ್ ವಸಂತದಲ್ಲಿ ಶುರುವಾಗಿ ಶರತ್ಕಾಲಕ್ಕೆ ಮುಗಿಯುತ್ತದೆ, ಚಳಿಗಾಲ ಖಾಲಿ. ಆ ಬಿಡುವಿನಲ್ಲೇ 2007ರ ಜನವರಿಯಿಂದ ಮಾರ್ಚ್ 12ರವರೆಗೆ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಎರವಲು: 13 ಪಂದ್ಯ, 3 ಗೋಲು. ಇನ್ನಷ್ಟು ದಿನ ಇರಿ ಎಂದು ಯುನೈಟೆಡ್ ಕೇಳಿತು. ಊರಿಗೆ ಕೊಟ್ಟ ಮಾತಿತ್ತು, ಹೋದರು. ದೇಶದ ತಂಡಕ್ಕೆ ಮಾತ್ರ 2002ರಲ್ಲೂ 2006ರಲ್ಲೂ ವಿದಾಯ ಹೇಳಿ ಎರಡು ಸಲವೂ ಮರಳಿ ಬಂದರು, ಒಟ್ಟು 106 ಪಂದ್ಯ, 37 ಗೋಲು. 2009ರ ಅಕ್ಟೋಬರ್‌ನಲ್ಲಿ ಮಂಡಿ ಸಾಕೆಂದಿತು. ಕೋಚ್ ಆಗಿ ದೊಡ್ಡ ಯಶಸ್ಸೇನೂ ಸಿಗಲಿಲ್ಲ. 2016ರಲ್ಲಿ ಅವರ ಕೈಯಲ್ಲಿದ್ದಾಗಲೇ ಹೆಲ್ಸಿಂಗ್‌ಬೋರ್ಗ್ ಕೆಳದರ್ಜೆಗೆ ಬಿತ್ತು.

ತಮ್ಮಲ್ಲಿ ನಮ್ಮ ಕೋರಿಕೆ ಇಷ್ಟು. ಸ್ಥಳೀಯ ಸೂಪರ್ ಡಿವಿಷನ್ ಪಂದ್ಯದ ವರದಿಯಲ್ಲಿ ಗೋಲು ಹೊಡೆದವರ ಹೆಸರು, ನಿಮಿಷದ ಜೊತೆಗೆ ಪಾಸ್ ಕೊಟ್ಟವರ ಹೆಸರು, ಆಟಗಾರ ಆಡಿದ ಜಾಗ, ಆಡಿದ ನಿಮಿಷ ಇವನ್ನೂ ಹಾಕಿ. ಒಂದು ಸಾಲು ಹೆಚ್ಚು ಹಿಡಿಯುತ್ತದೆ. ಮೈದಾನದಲ್ಲಿ ಕಲಿಸುವವರು ಸೆವಿಲ್ಲೆಯ 47ನೇ ನಿಮಿಷದ ದೃಶ್ಯವನ್ನು ಹುಡುಗರಿಗೆ ತೋರಿಸುವಾಗ ಬಲ ಅಂಚಿನಲ್ಲಿರುವ ಡಿಡಿಯೆ ಅಗಾಥೆಯ ಕಾಲನ್ನೂ ಚೆಂಡನ್ನೂ ಕೈಯಿಂದ ಮುಚ್ಚಿ, ಪರದೆಯ ದೂರದ ಕಂಬದ ಕಡೆ ಮಾತ್ರ ನೋಡಲು ಹೇಳಲಿ.

– ಇಬ್ಬರು ಫುಟ್‌ಬಾಲ್ ತರಬೇತುದಾರರು,
ಆಸ್ಟಿನ್ ಟೌನ್, ಬೆಂಗಳೂರು